ಸಗಟು ಎಂಜಿನ್ ಎಣ್ಣೆ

ಸಗಟು ಎಂಜಿನ್ ಎಣ್ಣೆ ಅಥವಾ ಬಲ್ಕ್ ಆಯಿಲ್ ಎಂದರೆ ಮೊಹರು ಮಾಡಿದ ಚಿಕ್ಕ ಡಬ್ಬಿಗಳಲ್ಲಿ ಬಾರದೆ, ಟ್ಯಾಂಕರ್ ಇಲ್ಲವೆ ಬ್ಯಾರಲ್‌ಗಳಲ್ಲಿ ವಾಹನ ಡೀಲರುಗಳ ಸರ್ವೀಸ್ ವಿಭಾಗಕ್ಕೆ ಸರಬರಾಜಾಗಿ, ಅಲ್ಲಿನ ತೊಟ್ಟಿಯಿಂದ ಕೊಳವೆಯ ಮೂಲಕ ನೇರವಾಗಿ ಎಂಜಿನ್ನಿಗೆ ತುಂಬಲಾಗುವ ಕೀಲೆಣ್ಣೆ. ಅಮೆರಿಕ ಸಂಯುಕ್ತ ಸಂಸ್ಥಾನದ ಡೀಲರುಗಳು ಕಡಿಮೆ ದರಕ್ಕೆ ಮಾಡಿಕೊಡುವ ಆಯಿಲ್ ಚೇಂಜ್‌ಗೆ ಬಹುಮಟ್ಟಿಗೆ ಬಳಕೆಯಾಗುವುದು ಈ ಎಣ್ಣೆಯೇ. ಡಬ್ಬಿಯನ್ನು ಕಣ್ಣಾರೆ ಕಾಣದ ಗ್ರಾಹಕನಿಗೆ ಇದರ ಗುಣಮಟ್ಟದ ಬಗ್ಗೆ ಶಂಕೆ ಹುಟ್ಟುವುದು ಸಹಜ. ಆದರೆ ಬೆಲೆಯೊಂದರಿಂದಲೇ ಎಣ್ಣೆಯ ಯೋಗ್ಯತೆಯನ್ನು ಅಳೆಯಲು ಬಾರದು. ಎಂಜಿನ್ ತಯಾರಕರು ಸೂಚಿಸಿದ ಸ್ನಿಗ್ಧತೆ, ಸೇವಾ ವರ್ಗ ಮತ್ತು ವಿಶೇಷ ಮಾನದಂಡಗಳಿಗೆ ಹೊಂದುವ ಅಗ್ಗದ ಎಣ್ಣೆ ಎಂಜಿನ್ನನ್ನು ಕಾಪಾಡಬಲ್ಲದು, ಅವುಗಳಿಗೆ ಹೊಂದದ ದುಬಾರಿ ಎಣ್ಣೆ ಕೆಡಿಸಬಲ್ಲದು. ಸಗಟು ಎಣ್ಣೆಯ ನಿಜವಾದ ದೌರ್ಬಲ್ಯ ಅದರ ತಯಾರಿಕೆಗಿಂತ ಹೆಚ್ಚಾಗಿ ಸಾಗಣೆ, ಸಂಗ್ರಹ ಮತ್ತು ದಾಖಲೆಗಳಲ್ಲಿ ಕಂಡುಬರುತ್ತದೆ.

ಸರಬರಾಜು

ಮೂಲತೈಲವನ್ನೂ ಸೇರ್ಪಡೆ ರಾಸಾಯನಿಕಗಳನ್ನೂ ಬೆರೆಸುವ ಘಟಕದಿಂದ ಹೊರಟ ಎಣ್ಣೆ ವಿತರಕನ ಸಂಗ್ರಹಾಗಾರವನ್ನು ಸೇರಿ, ಅಲ್ಲಿಂದ ಡೀಲರನ ತೊಟ್ಟಿಗೆ ಬರುತ್ತದೆ. ವ್ಯವಹಾರ ಚಿಕ್ಕದಾಗಿದ್ದರೆ 55 ಗ್ಯಾಲನ್, ಅಂದರೆ ಸುಮಾರು 208 ಲೀಟರ್ ಹಿಡಿಸುವ ಉಕ್ಕಿನ ಬ್ಯಾರಲ್‌ಗಳಲ್ಲಿಯೂ, ದೊಡ್ಡದಾಗಿದ್ದರೆ ಹಲವು ವಿಭಾಗಗಳಿರುವ ಟ್ಯಾಂಕರ್‌ನಲ್ಲಿಯೂ ಸಾಗಣೆ ನಡೆಯುತ್ತದೆ. ಸರ್ವೀಸ್ ಅಂಕಣದ ಮೇಲ್ಛಾವಣಿಯಿಂದ ಇಳಿಬಿಟ್ಟ ಸುರುಳಿ ಕೊಳವೆಯ ತುದಿಯ ಮೀಟರಿನಲ್ಲಿ ಬೇಕಾದ ಅಳತೆ ಹಾಕಿದರೆ ಅಷ್ಟು ಎಣ್ಣೆ ಇಳಿಯುತ್ತದೆ. ಡಬ್ಬಿ, ಮುಚ್ಚಳ, ಅಚ್ಚುಚೀಟಿ, ಪೆಟ್ಟಿಗೆ ಹಾಗೂ ಖಾಲಿ ಡಬ್ಬಿಗಳ ವಿಲೇವಾರಿಯ ಖರ್ಚು ಇಲ್ಲದಿರುವುದೇ ಸಗಟು ಎಣ್ಣೆ ಅಗ್ಗವಾಗುವುದಕ್ಕೆ ಮೊದಲ ಕಾರಣ. ಅಂಗಡಿಯಲ್ಲಿ ಸಿಗುವ ಡಬ್ಬಿಯ ಬೆಲೆಗೂ ಡೀಲರನು ತೆರುವ ಬೆಲೆಗೂ ಇರುವ ಅಂತರವನ್ನು ಗುಣಮಟ್ಟದ ಅಂತರವೆಂದು ಭಾವಿಸುವುದು ಸರಿಯಲ್ಲ.

ವಾಹನ ತಯಾರಕರು ಸಾಮಾನ್ಯವಾಗಿ ಎಣ್ಣೆಯನ್ನು ತಾವೇ ತಯಾರಿಸುವುದಿಲ್ಲ. ತೈಲ ಕಂಪನಿಗಳಿಂದ ಮಾಡಿಸಿ ತಮ್ಮ ಹೆಸರಿನಲ್ಲಿ ಮಾರುತ್ತಾರೆ. ಫೋರ್ಡ್ ಕಂಪನಿಯ ಮೋಟರ್‌ಕ್ರಾಫ್ಟ್, ಜನರಲ್ ಮೋಟರ್ಸ್‌ನ ಎಸಿಡೆಲ್ಕೊ, ಕ್ರೈಸ್ಲರ್‌ನ ಮೋಪಾರ್ ಇಂಥ ಹೆಸರುಗಳು. ಇವೇ ಎಣ್ಣೆಗಳು ಡಬ್ಬಿಯಲ್ಲಿಯೂ ಸಗಟಾಗಿಯೂ ದೊರೆಯುತ್ತವೆ. ಆದರೆ ಡೀಲರನು ಸ್ವತಂತ್ರ ವ್ಯಾಪಾರಿ. ಫಲಕದ ಮೇಲೆ ತಯಾರಕರ ಹೆಸರಿದ್ದ ಮಾತ್ರಕ್ಕೆ ಹಿಂಬದಿಯ ತೊಟ್ಟಿಯಲ್ಲಿರುವುದೂ ತಯಾರಕರ ಎಣ್ಣೆಯೇ ಆಗಿರಬೇಕೆಂದಿಲ್ಲ, ಅವನು ಬೇರೆ ವಿತರಕನಿಂದ ಕೊಂಡಿರಲೂಬಹುದು. ಆಯಿಲ್ ಚೇಂಜ್ ಎಂಬುದು ಡೀಲರನಿಗೆ ಅದರಷ್ಟಕ್ಕೇ ಹೆಚ್ಚು ಲಾಭ ತರುವ ಕೆಲಸವಲ್ಲ. ಗ್ರಾಹಕನನ್ನು ಮತ್ತೆ ಮತ್ತೆ ಮಳಿಗೆಗೆ ಕರೆತಂದು ಬ್ರೇಕ್, ಟೈರ್ ಮೊದಲಾದ ದೊಡ್ಡ ಕೆಲಸಗಳನ್ನು ಪಡೆಯುವ ಸಾಧನ ಅದು. ಆದ್ದರಿಂದ ಜಾಹೀರಾತಿನ ದರ ಕೆಳಗಿಳಿದಷ್ಟೂ ಎಣ್ಣೆಯ ಖರ್ಚನ್ನು ಹಿಡಿತದಲ್ಲಿಡುವ ಒತ್ತಡ ಹೆಚ್ಚುತ್ತದೆ.

ಸಂಯೋಜನೆ

ಕಾರಿನ ಎಂಜಿನ್ ಎಣ್ಣೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮೂಲತೈಲವೇ ಇರುತ್ತದೆ. ಉಳಿದದ್ದು ಮಸಿಯನ್ನು ತೊಳೆಯುವ, ಕೊಳೆಯನ್ನು ತೇಲಿಸಿ ಹಿಡಿದಿಡುವ, ಸವೆತ ತಡೆಯುವ, ಎಣ್ಣೆ ಹಳಸದಂತೆ ಕಾಯುವ ರಾಸಾಯನಿಕಗಳ ಕಟ್ಟು. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಸಂಕ್ಷೇಪವಾಗಿ ಎಪಿಐ, ಮೂಲತೈಲಗಳನ್ನು ಐದು ಗುಂಪುಗಳಾಗಿ ವಿಂಗಡಿಸಿದೆ. ಮೊದಲನೆಯ ಗುಂಪಿನವು ದ್ರಾವಕಗಳಿಂದ ಶುದ್ಧೀಕರಿಸಿದ ಹಳೆಯ ಬಗೆಯ ತೈಲಗಳು. ಅವುಗಳಲ್ಲಿ ಗಂಧಕವು ಶೇಕಡಾ 0.03ಕ್ಕಿಂತ ಹೆಚ್ಚು ಇರಬಹುದು ಅಥವಾ ಸಂತೃಪ್ತ ಹೈಡ್ರೋಕಾರ್ಬನ್‌ಗಳು ಶೇಕಡಾ 90ಕ್ಕಿಂತ ಕಡಿಮೆ ಇರಬಹುದು. ಎರಡನೆಯ ಮತ್ತು ಮೂರನೆಯ ಗುಂಪಿನವು ಜಲಜನಕದೊಂದಿಗೆ ಸಂಸ್ಕರಿಸಿದ, ಇವೆರಡೂ ದೋಷಗಳು ಕಡಿಮೆಯಿರುವ ತೈಲಗಳು. ಮೂರನೆಯದರ ಸ್ನಿಗ್ಧತಾ ಸೂಚ್ಯಂಕ 120 ಅಥವಾ ಅದಕ್ಕಿಂತ ಹೆಚ್ಚು, ಅಂದರೆ ಬಿಸಿಯಾದಾಗ ಅದು ತೆಳುವಾಗುವ ಪ್ರಮಾಣ ಕಡಿಮೆ. ಪಾಲಿಆಲ್ಫಾಓಲಿಫಿನ್‌ಗಳದು ನಾಲ್ಕನೆಯ ಗುಂಪು, ಎಸ್ಟರ್ ಮುದಲಾದ ಉಳಿದೆಲ್ಲವೂ ಐದನೆಯದು.

ರಾಸಾಯನಿಕ ಕಟ್ಟನ್ನು ತಯಾರಿಸುವ ದೊಡ್ಡ ಕಂಪನಿಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟಿವೆ: ಲ್ಯೂಬ್ರಿಝಾಲ್, ಇನ್‌ಫಿನಿಯಮ್, ಆಫ್ಟನ್, ಶೆವ್ರಾನ್ ಓರೊನೈಟ್. ಹೆಸರಾಂತ ಬ್ರ್ಯಾಂಡ್‌ಗಳೂ ಹೆಸರಿಲ್ಲದ ಸಗಟು ಎಣ್ಣೆಗಳೂ ಬಹುಪಾಲು ಇವರಿಂದಲೇ ಕಟ್ಟುಗಳನ್ನು ಕೊಳ್ಳುತ್ತವೆ. ಒಂದೇ ಸೇವಾ ವರ್ಗದ ಪರವಾನಗಿ ಪಡೆದ ಎರಡು ಎಣ್ಣೆಗಳ ನಡುವಿನ ವ್ಯತ್ಯಾಸವು ಜಾಹೀರಾತು ಬಿಂಬಿಸುವಷ್ಟು ಇರದಿರುವುದಕ್ಕೆ ಇದೂ ಒಂದು ಕಾರಣ.

ಇಂಧನ ಉಳಿತಾಯಕ್ಕಾಗಿ ಎಂಜಿನ್ ತಯಾರಕರು ತೆಳು ಎಣ್ಣೆಗಳತ್ತ ಹೊರಳಿದುದು ಅಗ್ಗದ ಎಣ್ಣೆಯ ಮಟ್ಟವನ್ನು ಅಪ್ರತ್ಯಕ್ಷವಾಗಿ ಮೇಲೆತ್ತಿದೆ. 10ಡಬ್ಲ್ಯು-30 ದರ್ಜೆಯ ಎಣ್ಣೆಯನ್ನು ಕೆಳಗುಂಪಿನ ಮೂಲತೈಲದಿಂದ ತಯಾರಿಸಬಹುದಿತ್ತು. ಆದರೆ ತೀವ್ರ ಚಳಿಯಲ್ಲಿಯೂ ಹರಿಯಬೇಕಾದ, ಬಿಸಿಯಲ್ಲಿ ಆವಿಯಾಗಿ ಹೋಗಬಾರದ 0ಡಬ್ಲ್ಯು-20 ದರ್ಜೆಯನ್ನು ಮೂರನೆಯ ಗುಂಪಿನ ಅಥವಾ ಅದಕ್ಕೂ ಮೇಲಿನ ತೈಲವಿಲ್ಲದೆ ಸಾಧಿಸುವುದು ಬಹಳ ಕಷ್ಟ. ಹೀಗಾಗಿ ಡೀಲರನ ತೊಟ್ಟಿಯಲ್ಲಿರುವ ಅತಿ ಅಗ್ಗದ 0ಡಬ್ಲ್ಯು-20 ಕೂಡ ಅಮೆರಿಕದ ಮಾರುಕಟ್ಟೆಯ ಪರಿಭಾಷೆಯಲ್ಲಿ ಸಿಂಥೆಟಿಕ್ ಅಥವಾ ಅದರ ಮಿಶ್ರಣವೇ ಆಗಿರುವುದುಂಟು. ಆ ಪರಿಭಾಷೆಯೂ ವಿವಾದದಿಂದ ಹುಟ್ಟಿದ್ದು. ಮೂರನೆಯ ಗುಂಪಿನ ತೈಲವನ್ನು ಸಿಂಥೆಟಿಕ್ ಎಂದು ಕರೆದುದನ್ನು ಪ್ರಶ್ನಿಸಿ ಮೊಬಿಲ್ ಕಂಪನಿಯು ಕ್ಯಾಸ್ಟ್ರಾಲ್ ವಿರುದ್ಧ ದೂರಿದಾಗ, ಜಾಹೀರಾತು ಉದ್ಯಮದ ಸ್ವನಿಯಂತ್ರಣ ವ್ಯವಸ್ಥೆಯಾದ ನ್ಯಾಷನಲ್ ಅಡ್ವರ್ಟೈಸಿಂಗ್ ಡಿವಿಷನ್ 1999ರಲ್ಲಿ ಕ್ಯಾಸ್ಟ್ರಾಲ್ ಪರವಾಗಿ ತೀರ್ಮಾನ ನೀಡಿತು. ಅಲ್ಲಿಂದೀಚೆಗೆ ಸಿಂಥೆಟಿಕ್ ಎಂಬುದು ಅಲ್ಲಿ ರಾಸಾಯನಿಕ ವರ್ಣನೆಗಿಂತ ವ್ಯಾಪಾರದ ಪದವಾಗಿ ಉಳಿದಿದೆ.

ಸೇವಾ ವರ್ಗ ಮತ್ತು ಸ್ನಿಗ್ಧತೆ

ಪೆಟ್ರೋಲ್ ಎಂಜಿನ್ನಿನ ಎಣ್ಣೆಗಳಿಗೆ ಎಪಿಐ ಕೊಡುವ ಸೇವಾ ವರ್ಗಗಳು ಎಸ್ ಅಕ್ಷರದಿಂದ ಆರಂಭವಾಗುತ್ತವೆ. ಎರಡನೆಯ ಅಕ್ಷರ ಮುಂದುವರಿದಂತೆ ವರ್ಗ ಹೊಸದು. ಎಸ್‌ಎನ್ 2010ರಲ್ಲಿಯೂ ಎಸ್‌ಪಿ 2020ರಲ್ಲಿಯೂ ಎಸ್‌ಕ್ಯೂ 2025ರಲ್ಲಿಯೂ ಜಾರಿಗೆ ಬಂದವು. ಹೊಸ ವರ್ಗದ ಎಣ್ಣೆಯನ್ನು ಹಳೆಯ ಎಂಜಿನ್ನಿಗೆ ಹಾಕಬಹುದು, ಹಳೆಯ ವರ್ಗದ್ದನ್ನು ಹೊಸ ಎಂಜಿನ್ನಿಗೆ ಹಾಕಬಾರದು. ಸೇರ್ಪಡೆಗಳೇ ಇಲ್ಲದ ಎಸ್‌ಎ ವರ್ಗದ ಎಣ್ಣೆಯು 1930ರ ನಂತರದ ಹೆಚ್ಚಿನ ಎಂಜಿನ್ನುಗಳಿಗೆ, ಎಸ್‌ಬಿ 1951ರ ನಂತರದವಕ್ಕೆ, ಎಸ್‌ಎಫ್ 1988ರ ನಂತರದವಕ್ಕೆ ತಕ್ಕುದಲ್ಲವೆಂದು ಎಪಿಐ ಸ್ಪಷ್ಟಪಡಿಸಿದೆ. ಹಾಗಿದ್ದರೂ ಇಂಥ ಎಣ್ಣೆಗಳು ಮಾರುಕಟ್ಟೆಯಿಂದ ಪೂರ್ತಿ ಮರೆಯಾಗಿಲ್ಲ.

ವರ್ಗಗಳ ಬದಲಾವಣೆ ಹೆಸರಿನ ಬದಲಾವಣೆಯಷ್ಟೇ ಅಲ್ಲ. ನೇರ ಇಂಧನ ಚಿಮ್ಮಿಕೆ ಮತ್ತು ಟರ್ಬೊಚಾರ್ಜರ್ ಇರುವ ಚಿಕ್ಕ ಎಂಜಿನ್ನುಗಳು ಕಡಿಮೆ ವೇಗದಲ್ಲಿ ಹೆಚ್ಚು ಭಾರ ಎಳೆಯುವಾಗ ಇಂಧನವು ಕಿಡಿಗೆ ಮುಂಚೆಯೇ ಹೊತ್ತಿಕೊಂಡು ಪಿಸ್ಟನ್ ಒಡೆಯುವ ತೊಂದರೆ ಕಾಣಿಸಿಕೊಂಡಿತು. ಎಣ್ಣೆಯಲ್ಲಿನ ಕ್ಯಾಲ್ಸಿಯಂ ಆಧಾರಿತ ಮಾರ್ಜಕಗಳು ಇದನ್ನು ಹೆಚ್ಚಿಸುತ್ತವೆ, ಮೆಗ್ನೀಸಿಯಂ ಆಧಾರಿತವು ಹೆಚ್ಚಿಸುವುದಿಲ್ಲ ಎಂಬುದು ತಿಳಿದ ಮೇಲೆ ಸಂಯೋಜನೆಗಳೇ ಬದಲಾದವು. 2018ರ ಎಸ್‌ಎನ್ ಪ್ಲಸ್ ಈ ತೊಂದರೆಗೆಂದೇ ಪರೀಕ್ಷೆಯೊಂದನ್ನು ತಂದಿತು. ಎಸ್‌ಪಿ ವರ್ಗವು ಅದಕ್ಕೆ ಟೈಮಿಂಗ್ ಚೈನಿನ ಸವೆತದ ಪರೀಕ್ಷೆಯನ್ನೂ ಸೇರಿಸಿತು. ಆದ್ದರಿಂದ ಹಳೆಯ ಎಸ್‌ಎನ್ ಸರಕನ್ನು ಹೊಸ ಟರ್ಬೊ ಎಂಜಿನ್ನಿಗೆ ಸುರಿದು ಖಾಲಿ ಮಾಡುವುದು ನಿರುಪದ್ರವಿ ಉಳಿತಾಯವಲ್ಲ. ಇನ್ನೊಂದು ದಿಕ್ಕಿನಿಂದ, ಸವೆತ ತಡೆಯುವ ಸತು-ರಂಜಕದ ಸಂಯುಕ್ತವನ್ನು ಮನಬಂದಂತೆ ಹೆಚ್ಚಿಸಲೂ ಬಾರದು. ರಂಜಕವು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುವುದರಿಂದ ತೆಳು ದರ್ಜೆಯ ಎಣ್ಣೆಗಳಲ್ಲಿ ಅದರ ಪ್ರಮಾಣ ಹತ್ತು ಲಕ್ಷ ಭಾಗಗಳಲ್ಲಿ 600ಕ್ಕಿಂತ ಕಡಿಮೆಯೂ 800ಕ್ಕಿಂತ ಹೆಚ್ಚೂ ಇರಬಾರದೆಂಬ ನಿಯಮವಿದೆ.

ಸ್ನಿಗ್ಧತೆಯ ದರ್ಜೆಗಳನ್ನು ಎಸ್‌ಎಇ ಸಂಸ್ಥೆಯ ಜೆ300 ಮಾನದಂಡ ನಿರ್ಧರಿಸುತ್ತದೆ. 5ಡಬ್ಲ್ಯು-30 ಎಂಬಲ್ಲಿ ಮೊದಲ ಭಾಗ ಚಳಿಯಲ್ಲಿನ ನಡವಳಿಕೆಯನ್ನು, ಎರಡನೆಯದು ಬಿಸಿ ಎಂಜಿನ್ನಿನಲ್ಲಿನ ದಪ್ಪವನ್ನು ಹೇಳುತ್ತದೆ. 30 ದರ್ಜೆಯ ಎಣ್ಣೆಯ ಸ್ನಿಗ್ಧತೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 9.3 ಮತ್ತು 12.5 ಸೆಂಟಿಸ್ಟೋಕ್‌ಗಳ ನಡುವೆ ಇರಬೇಕು. 20 ದರ್ಜೆಯದು 6.9 ಮತ್ತು 9.3ರ ನಡುವೆ. ಈ ಮಿತಿಗಳ ಒಳಗೆ ಎಣ್ಣೆಗಳು ಸಾಕಷ್ಟು ಭಿನ್ನವಾಗಿರಬಹುದು. ಪರವಾನಗಿ ಎಂಬುದು ತೇರ್ಗಡೆಯ ಗೆರೆಯೇ ಹೊರತು ದರ್ಜೆವಾರು ಪಟ್ಟಿಯಲ್ಲ: ಗೆರೆಯನ್ನು ಸ್ವಲ್ಪವೇ ದಾಟಿದ ಎಣ್ಣೆಗೂ ಬಹುದೂರ ದಾಟಿದ ಎಣ್ಣೆಗೂ ಒಂದೇ ಮುದ್ರೆ.

ವಾಹನ ತಯಾರಕರ ಮಾನದಂಡಗಳು

ಈ ಕನಿಷ್ಠ ಗೆರೆ ಸಾಲದೆಂದು ಭಾವಿಸಿದ ತಯಾರಕರು ತಮ್ಮವೇ ಆದ ಮಾನದಂಡಗಳನ್ನು ಇಟ್ಟುಕೊಂಡಿದ್ದಾರೆ. ಜನರಲ್ ಮೋಟರ್ಸ್ 2011ರ ಮಾದರಿ ವರ್ಷದಿಂದ ಡೆಕ್ಸಾಸ್1 ಪರವಾನಗಿಯನ್ನು ಜಾರಿಗೆ ತಂದಿತು. ಫೋರ್ಡ್ ಮತ್ತು ಕ್ರೈಸ್ಲರ್ ಕಂಪನಿಗಳಿಗೂ ಪ್ರತ್ಯೇಕ ಸಂಖ್ಯೆಗಳಿವೆ. ಐರೋಪ್ಯ ತಯಾರಕರ ಮಾನದಂಡಗಳು ಇನ್ನೂ ಭಿನ್ನ. ದೀರ್ಘ ಅಂತರದ ಆಯಿಲ್ ಚೇಂಜ್‌ಗಳಿಗೂ ಅತಿವೇಗದ ಹೆದ್ದಾರಿಗಳಿಗೂ ರೂಪಿಸಿದ ಅವರ ಅನೇಕ ಎಂಜಿನ್ನುಗಳು, 150 ಡಿಗ್ರಿ ಶಾಖ ಮತ್ತು ತೀವ್ರ ಉಜ್ಜಿಕೆಯಡಿ ಅಳೆದಾಗ 3.5 ಮಿಲಿಪ್ಯಾಸ್ಕಲ್-ಸೆಕೆಂಡ್‌ಗಿಂತ ಕಡಿಮೆಯಾಗದ ಸ್ನಿಗ್ಧತೆಯನ್ನು ಬೇಡುತ್ತವೆ. ಜೆ300ರ ಪ್ರಕಾರ 30 ದರ್ಜೆಗೆ 2.9 ಇದ್ದರೆ ಸಾಕು. ಎರಡೂ ಎಣ್ಣೆಗಳ ಮೇಲೆ 5ಡಬ್ಲ್ಯು-30 ಎಂದೇ ಬರೆದಿರುತ್ತದೆ.

ಹಲವು ಬ್ರ್ಯಾಂಡಿನ ಕಾರುಗಳನ್ನು ಒಂದೇ ಸೂರಿನಡಿ ನೋಡಿಕೊಳ್ಳುವ ಡೀಲರುಗಳಲ್ಲಿ ಅಪಾಯ ಇರುವುದು ಇಲ್ಲಿಯೇ. ತೊಟ್ಟಿಯಲ್ಲಿ ಇರುವುದು ಒಂದು ಅಥವಾ ಎರಡು ಬಗೆಯ ಎಣ್ಣೆ, ಅಂಗಳಕ್ಕೆ ಬರುವ ಕಾರುಗಳು ಹತ್ತಾರು ಬಗೆ. ಕೊಡುಗೆಯ ಚೀಟಿಯಲ್ಲಿ ಸೇರದ ವಿಶೇಷ ಎಣ್ಣೆಗೆ ಹೆಚ್ಚಿನ ಹಣ ಕೇಳುವ ಡೀಲರನನ್ನು ಗ್ರಾಹಕರು ಅನುಮಾನಿಸುವುದುಂಟು. ಆದರೆ ಅನೇಕ ವೇಳೆ ಹಾಗೆ ಕೇಳುವವನೇ ಸರಿಯಾದ ಕೆಲಸ ಮಾಡುತ್ತಿರುತ್ತಾನೆ.

ಪರೀಕ್ಷೆಗಳು

ಅಗ್ಗದ ಮತ್ತು ದುಬಾರಿ ಎಣ್ಣೆಗಳ ಹೋಲಿಕೆಯಲ್ಲಿ ಹೆಚ್ಚು ಚರ್ಚೆಗೊಳಗಾದದ್ದು ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಜುಲೈ 1996ರಲ್ಲಿ ಪ್ರಕಟಿಸಿದ ವರದಿ. ನ್ಯೂಯಾರ್ಕ್ ನಗರದ 75 ಟ್ಯಾಕ್ಸಿಗಳಲ್ಲಿ ಪುನರ್‌ನಿರ್ಮಿಸಿದ ಎಂಜಿನ್ನುಗಳನ್ನು ಕೂಡಿಸಿ, ಬೇರೆ ಬೇರೆ ಬ್ರ್ಯಾಂಡಿನ ಎಣ್ಣೆ ಹಾಕಿ, ಒಟ್ಟು 45 ಲಕ್ಷ ಮೈಲಿಗಳಷ್ಟು ಓಡಿಸಿದ ನಂತರ ಬಿಡಿಭಾಗಗಳನ್ನು ಬಿಚ್ಚಿ ಸವೆತವನ್ನು ಅಳೆಯಲಾಯಿತು. ಬ್ರ್ಯಾಂಡ್‌ಗಳ ನಡುವೆ ಗಮನಾರ್ಹ ಭೇದ ಕಾಣಲಿಲ್ಲ. 3,000 ಮೈಲಿಗೊಮ್ಮೆ ಎಣ್ಣೆ ಬದಲಿಸಿದ ಎಂಜಿನ್ನುಗಳಿಗೂ 6,000 ಮೈಲಿಗೊಮ್ಮೆ ಬದಲಿಸಿದವಕ್ಕೂ ಅಂತರವಿರಲಿಲ್ಲ. ಇದಕ್ಕೆ ಬಂದ ಮುಖ್ಯ ಆಕ್ಷೇಪವೆಂದರೆ, ಟ್ಯಾಕ್ಸಿಯ ಎಂಜಿನ್ ಹಗಲಿರುಳು ಓಡುತ್ತ ತಣಿಯುವುದೇ ಅಪರೂಪ, ಮನೆಬಳಕೆಯ ಕಾರಿನಲ್ಲಿ ಸವೆತಕ್ಕೂ ತೇವಾಂಶಕ್ಕೂ ಎಡೆಮಾಡುವ ತಣ್ಣನೆಯ ಆರಂಭಗಳು ಅದರಲ್ಲಿ ಕಡಿಮೆ ಎಂಬುದು. ಆಕ್ಷೇಪ ಸರಿಯಾದುದೇ. ಆದರೂ ಬಿಸಿ, ದಟ್ಟಣೆ ಮತ್ತು ಗಂಟೆಗಟ್ಟಲೆಯ ನಿಷ್ಕ್ರಿಯ ಓಟವನ್ನು ಅಗ್ಗದ ಎಣ್ಣೆ ತಾಳಿಕೊಂಡಿತೆಂಬುದನ್ನು ಅದು ಅಲ್ಲಗಳೆಯುವುದಿಲ್ಲ.

ಅಮೆರಿಕದ ವಾಹನ ಸವಾರರ ಒಕ್ಕೂಟವಾದ ಎಎಎ 2017ರಲ್ಲಿ ಐದು ಸಾಮಾನ್ಯ ಮತ್ತು ಐದು ಸಿಂಥೆಟಿಕ್ ಎಣ್ಣೆಗಳನ್ನು ಪ್ರಯೋಗಾಲಯದಲ್ಲಿ ಹೋಲಿಸಿತು. ಹಳಸುವಿಕೆ, ಆವಿಯಾಗುವಿಕೆ, ಕಿಟ್ಟ ಕಟ್ಟುವಿಕೆ, ಚಳಿಯಲ್ಲಿನ ಹರಿವು ಮೊದಲಾದವುಗಳ ಸರಾಸರಿಯಲ್ಲಿ ಸಿಂಥೆಟಿಕ್ ಎಣ್ಣೆಗಳು ಸುಮಾರು ಶೇಕಡಾ 47ರಷ್ಟು ಉತ್ತಮವಾಗಿದ್ದವು. ಎರಡು ವರದಿಗಳು ಪರಸ್ಪರ ವಿರುದ್ಧವೆಂದು ತೋರಿದರೂ ಅವು ಅಳೆದುದು ಬೇರೆ ಬೇರೆ ಸಂಗತಿಗಳನ್ನು: ಮೊದಲನೆಯದು ಮಿತವಾದ ಅಂತರದಲ್ಲಿ ಎಣ್ಣೆ ಬದಲಿಸಿದಾಗ ಎಂಜಿನ್ನಿಗೆ ಆದ ಸವೆತವನ್ನು, ಎರಡನೆಯದು ಎಣ್ಣೆಯ ತಾಳಿಕೆಯ ಮೀಸಲನ್ನು. ಆ ಮೀಸಲು ಬೇಕಾಗುವುದು ಟರ್ಬೊ ಇರುವ, ಭಾರ ಎಳೆಯುವ ಅಥವಾ ಎಣ್ಣೆಯನ್ನು ಹೆಚ್ಚು ದಿನ ಉಳಿಸಿಕೊಳ್ಳುವ ಎಂಜಿನ್ನಿಗೆ.

ಮಡ್ಡಿ ಪ್ರಕರಣಗಳು

ಎಣ್ಣೆಯ ಆಯ್ಕೆ ಸಾವಿರಾರು ಕುಟುಂಬಗಳ ಜೇಬಿಗೆ ತಟ್ಟಿದ್ದು ಎಂಜಿನ್ನಿನೊಳಗೆ ಕಪ್ಪು ಮಡ್ಡಿ ಕಟ್ಟಿದ ಎರಡು ಪ್ರಸಿದ್ಧ ಪ್ರಕರಣಗಳಲ್ಲಿ. ಹಳಸಿದ ಎಣ್ಣೆ ಲೋಳೆಯಾಗಿ ಗಟ್ಟಿಯಾದಾಗ ಸಂಪಿನಿಂದ ಎಣ್ಣೆ ಹೀರುವ ಜಾಲರಿ ಕಟ್ಟಿಕೊಳ್ಳುತ್ತದೆ. ಒತ್ತಡ ಬೀಳುತ್ತದೆ, ಬೇರಿಂಗುಗಳು ಒಣಗಿ ಎಂಜಿನ್ ಹಿಡಿದುಕೊಳ್ಳುತ್ತದೆ. 1997ರಿಂದ 2002ರವರೆಗಿನ ಕೆಲವು ಟೊಯೊಟಾ ಮತ್ತು ಲೆಕ್ಸಸ್ ಕಾರುಗಳಲ್ಲಿ ಹೀಗಾದಾಗ, ಮಾಲೀಕರು ಸಕಾಲಕ್ಕೆ ಎಣ್ಣೆ ಬದಲಿಸದಿರುವುದೇ ಕಾರಣವೆಂದು ಕಂಪನಿ ಮೊದಲು ವಾದಿಸಿತು. 2002ರಲ್ಲಿ ಸುಮಾರು 33 ಲಕ್ಷ ವಾಹನಗಳಿಗೆ, ಮೊದಲ ಮಾರಾಟದಿಂದ ಎಂಟು ವರ್ಷಗಳವರೆಗೆ ದುರಸ್ತಿಯ ಹೊಣೆ ಹೊರುವ ವಿಶೇಷ ಯೋಜನೆಯನ್ನು ಘೋಷಿಸಿತು. ಸಾಮೂಹಿಕ ಮೊಕದ್ದಮೆ 2007ರಲ್ಲಿ ಒಪ್ಪಂದದಲ್ಲಿ ಕೊನೆಗೊಂಡಿತು.

ಫೋಕ್ಸ್‌ವ್ಯಾಗನ್ ಪಸಾಟ್ ಮತ್ತು ಆಡಿ ಎ4 ಕಾರುಗಳ 1.8 ಲೀಟರ್ ಟರ್ಬೊ ಎಂಜಿನ್ನಿನದು ಇನ್ನೊಂದು ಪ್ರಕರಣ. ಟರ್ಬೊವಿನ ಶಾಖಕ್ಕೆ ಹೋಲಿಸಿದರೆ ಅದರ ಸಂಪು ಚಿಕ್ಕದು, ಎಣ್ಣೆಯ ಮೇಲಿನ ಹೊರೆ ಹೆಚ್ಚು. ಕಂಪನಿ 2004ರಲ್ಲಿ ಮಡ್ಡಿಗೆ ಸಂಬಂಧಿಸಿದ ವಾರಂಟಿಯನ್ನು ಎಂಟು ವರ್ಷಗಳಿಗೆ ವಿಸ್ತರಿಸಿ, ತನ್ನ 502 00 ಮಾನದಂಡದ ಎಣ್ಣೆಯನ್ನು ಬಳಸಲು ಸೂಚಿಸಿತು. ಆದರೆ ಪರಿಹಾರ ಕೇಳುವವರು ಎಣ್ಣೆಯನ್ನು ಕ್ರಮವಾಗಿ ಬದಲಿಸಿದ್ದಕ್ಕೆ ಪುರಾವೆ ತೋರಿಸಬೇಕಿತ್ತು. ಬಿಲ್ಲಿನ ಮೇಲೆ ಆಯಿಲ್ ಚೇಂಜ್ ಎಂಬ ಎರಡೇ ಪದಗಳಿದ್ದರೆ ಯಾವ ಎಣ್ಣೆ ಹಾಕಿದರೆಂಬುದನ್ನು ಸಾಬೀತುಪಡಿಸುವ ದಾರಿ ಮಾಲೀಕನಿಗೆ ಉಳಿಯುವುದಿಲ್ಲ. ಸಗಟು ಎಣ್ಣೆಗೆ ಅಚ್ಚುಚೀಟಿ ಇಲ್ಲದಿರುವುದರ ಬೆಲೆ ಆಗ ಗೊತ್ತಾಗುತ್ತದೆ.

ಕಲಬೆರಕೆ ಮತ್ತು ನಿರ್ವಹಣೆಯ ದೋಷಗಳು

ಘಟಕದಿಂದ ಪರವಾನಗಿಗೆ ತಕ್ಕಂತೆ ಹೊರಟ ಎಣ್ಣೆ ದಾರಿಯಲ್ಲಿ ಕೆಡಲು ಹಲವು ಎಡೆಗಳಿವೆ. ಟ್ಯಾಂಕರಿನ ವಿಭಾಗದಲ್ಲಿ ಅಥವಾ ಇಳಿಸುವ ಕೊಳವೆಯಲ್ಲಿ ಹಿಂದಿನ ಸರಕು ಉಳಿದಿದ್ದರೆ ಎರಡು ದರ್ಜೆಗಳು ಬೆರೆಯುತ್ತವೆ. 5ಡಬ್ಲ್ಯು-20ರ ತೊಟ್ಟಿಗೆ 10ಡಬ್ಲ್ಯು-30 ಇಳಿಸಿದರೆ ಅದನ್ನು ಕಣ್ಣಿನಿಂದ ಪತ್ತೆಹಚ್ಚಲಾಗದು. ತೊಟ್ಟಿಯ ತಳದಲ್ಲಿ ನೀರು ನಿಲ್ಲುತ್ತದೆ. ಬಯಲಲ್ಲಿ ನೆಟ್ಟಗೆ ನಿಲ್ಲಿಸಿದ ಬ್ಯಾರಲ್‌ನ ಮುಚ್ಚಳದ ಮೇಲೆ ಮಳೆನೀರು ನಿಂತರೆ, ಹಗಲಿನ ಬಿಸಿಲಿಗೆ ಹಿಗ್ಗಿ ಇರುಳಿನ ತಂಪಿಗೆ ಕುಗ್ಗುವ ಬ್ಯಾರಲ್ ಬಿರಡೆಯ ಸಂದಿನಿಂದ ಆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಬ್ಯಾರಲ್‌ಗಳನ್ನು ನೆರಳಿನಲ್ಲಿ, ಎರಡೂ ಬಿರಡೆಗಳು ಅಡ್ಡಸಾಲಿನಲ್ಲಿ ಬರುವಂತೆ ಮಲಗಿಸಿಡಬೇಕೆಂಬ ಹಳೆಯ ನಿಯಮ ಹುಟ್ಟಿದ್ದು ಇದರಿಂದ.

ಸಗಟು ಎಣ್ಣೆಯ ಪರೀಕ್ಷೆ, ಸಾಗಣೆ ಮತ್ತು ಸಂಗ್ರಹಕ್ಕಾಗಿ ಎಪಿಐ 1525 ಎಂಬ ಮಾರ್ಗಸೂಚಿಯನ್ನೂ, ಕೈಯಿಂದ ಕೈಗೆ ಸಾಗುವಾಗ ಇಡಬೇಕಾದ ದಾಖಲೆಗಳಿಗೆ 1525ಎ ಎಂಬುದನ್ನೂ ಹೊರಡಿಸಿದೆ. ಮೋಟರ್ ಆಯಿಲ್ ಮ್ಯಾಟರ್ಸ್ ಎಂಬ ಕಾರ್ಯಕ್ರಮದಡಿ ವಿತರಕರೂ ಸರ್ವೀಸ್ ಮಳಿಗೆಗಳೂ ಸ್ವಇಚ್ಛೆಯಿಂದ ನೋಂದಾಯಿಸಿಕೊಂಡು ತಪಾಸಣೆಗೆ ಒಳಗಾಗಬಹುದು. ಪೆಟ್ರೋಲಿಯಂ ಕ್ವಾಲಿಟಿ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ ಎಂಬ ಸ್ವತಂತ್ರ ಸಂಸ್ಥೆಯು ಮಾರುಕಟ್ಟೆಯಿಂದ ಎಣ್ಣೆಗಳನ್ನು ಕೊಂಡು ಪರೀಕ್ಷಿಸಿ, ದೋಷವಿದ್ದವುಗಳನ್ನು ಹೆಸರು ಸಮೇತ ಪ್ರಕಟಿಸುತ್ತದೆ.

ಎಣ್ಣೆ ಒಳ್ಳೆಯದೇ ಇದ್ದು ಕೆಲಸ ಕೆಡುವುದೂ ಉಂಟು. ಅಳತೆ ತಪ್ಪಿ ಹೆಚ್ಚು ಅಥವಾ ಕಡಿಮೆ ತುಂಬುವುದು, ಹಳೆಯ ಫಿಲ್ಟರಿನ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿಕೊಂಡಿರುವಾಗ ಹೊಸದನ್ನು ಅದರ ಮೇಲೆ ಬಿಗಿಯುವುದು, ತಳದ ಬಿರಡೆಯ ಮರೆ ಸವೆಯುವಂತೆ ತಿರುಗಿಸುವುದು ಇತ್ಯಾದಿ. ಸರ್ವೀಸ್ ಮುಗಿದ ಮೇಲೆ ಎಂಜಿನ್ ಹಾಳಾದ ಪ್ರಸಂಗಗಳಲ್ಲಿ ಎಣ್ಣೆಯ ಸಂಯೋಜನೆಗಿಂತ ಮೊದಲು ಇವುಗಳನ್ನು ಪರಿಶೀಲಿಸುವುದು ವಾಡಿಕೆ.

ಕಾನೂನು

ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಪ್ರಕಟಿಸುವ 130ನೆಯ ಕೈಪಿಡಿಯಲ್ಲಿನ ಮಾದರಿ ನಿಯಮದ ಪ್ರಕಾರ, ತೊಟ್ಟಿಯಿಂದ ಎಣ್ಣೆ ತುಂಬಿದಾಗ ಗ್ರಾಹಕನಿಗೆ ಕೊಡುವ ಬಿಲ್ಲಿನಲ್ಲಿ ಸ್ನಿಗ್ಧತೆಯ ದರ್ಜೆ, ಎಣ್ಣೆಯ ಬ್ರ್ಯಾಂಡ್ ಮತ್ತು ಸೇವಾ ವರ್ಗ ನಮೂದಾಗಿರಬೇಕು. ತೊಟ್ಟಿಯ ಮೇಲೂ ಇದೇ ವಿವರ ಇರಬೇಕು. ಕೈಪಿಡಿ ತಾನಾಗಿ ಕಾನೂನಲ್ಲ. ರಾಜ್ಯಗಳು ಅಂಗೀಕರಿಸಿದಲ್ಲಿ ಮಾತ್ರ ಅದು ಜಾರಿಗೆ ಬರುತ್ತದೆ, ಆದ್ದರಿಂದ ಪಾಲನೆಯೂ ರಾಜ್ಯದಿಂದ ರಾಜ್ಯಕ್ಕೆ ಭಿನ್ನ.

1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯಿದೆಯು, ನಿರ್ದಿಷ್ಟ ಬ್ರ್ಯಾಂಡಿನ ಎಣ್ಣೆಯನ್ನೇ ಬಳಸಬೇಕೆಂದಾಗಲಿ ಡೀಲರನಲ್ಲಿಯೇ ಸರ್ವೀಸ್ ಮಾಡಿಸಬೇಕೆಂದಾಗಲಿ ವಾರಂಟಿಗೆ ಷರತ್ತು ಹಾಕುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಆ ವಸ್ತುವನ್ನು ಉಚಿತವಾಗಿ ಕೊಟ್ಟರೆ ಅಥವಾ ಫೆಡರಲ್ ಟ್ರೇಡ್ ಕಮಿಷನ್ ವಿನಾಯಿತಿ ನೀಡಿದರೆ ಮಾತ್ರ ಷರತ್ತು ಸಲ್ಲುತ್ತದೆ. ಮಾನದಂಡವನ್ನು ಸೂಚಿಸಲು ಅಡ್ಡಿಯಿಲ್ಲ. ಡೀಲರನಲ್ಲಿ ಎಣ್ಣೆ ಹಾಕಿಸಿದರೆ ಮಾತ್ರ ವಾರಂಟಿ ಉಳಿಯುತ್ತದೆಂಬ ನಂಬಿಕೆಗೆ ಆದುದರಿಂದ ಕಾನೂನಿನ ಆಧಾರವಿಲ್ಲ.

ಬಳಕೆಯಿಂದ ಹೊರಗಾದ ವರ್ಗಗಳ ಎಣ್ಣೆಯ ಮಾರಾಟ ನ್ಯಾಯಾಲಯದ ಮೆಟ್ಟಿಲೇರಿದ್ದು ಡಾಲರ್ ಜನರಲ್ ಎಂಬ ಅಗ್ಗದ ಅಂಗಡಿಗಳ ಸರಣಿಯ ವಿರುದ್ಧ. ಆಧುನಿಕ ಕಾರುಗಳಿಗೆ ಒಗ್ಗದ ಎಣ್ಣೆಯನ್ನು ಇತರ ಎಣ್ಣೆಗಳ ಪಕ್ಕದಲ್ಲಿಯೇ ಇಟ್ಟು ಮಾರಿದ್ದು ಗ್ರಾಹಕರನ್ನು ದಾರಿತಪ್ಪಿಸಿತೆಂಬುದು ಆರೋಪ. ಡಬ್ಬಿಯ ಹಿಂಬದಿಯಲ್ಲಿ ಎಚ್ಚರಿಕೆ ಅಚ್ಚಾಗಿತ್ತು, ಆದರೆ ಚಿಕ್ಕ ಅಕ್ಷರಗಳಲ್ಲಿ. ಹಲವು ರಾಜ್ಯಗಳ ಮೊಕದ್ದಮೆಗಳು ಮಿಸೌರಿಯ ಫೆಡರಲ್ ನ್ಯಾಯಾಲಯದಲ್ಲಿ ಒಟ್ಟುಗೂಡಿ 2021ರಲ್ಲಿ ಒಪ್ಪಂದದ ಮೂಲಕ ಇತ್ಯರ್ಥಗೊಂಡವು. ಇದು ಅಂಗಡಿಯ ಡಬ್ಬಿಯ ಎಣ್ಣೆಯ ಪ್ರಕರಣವಾದರೂ, ಮೊಹರು ಮಾಡಿದ ಡಬ್ಬಿ ಎಂದಾಕ್ಷಣ ತೊಟ್ಟಿಯ ಎಣ್ಣೆಗಿಂತ ಮೇಲು ಎಂದು ತಿಳಿಯಬಾರದೆಂಬುದಕ್ಕೆ ನಿದರ್ಶನ.

ಬಳಸಿದ ಎಣ್ಣೆಯ ವಿಶ್ಲೇಷಣೆ

ಎಂಜಿನ್ನಿಗೆ ಹಾಕಿದ ಎಣ್ಣೆ ಯಾವುದೆಂಬ ಸಂದೇಹವಿದ್ದರೆ ಅದರ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುವುದು ರೂಢಿಯಲ್ಲಿದೆ. ಸ್ನಿಗ್ಧತೆಯಿಂದ ದರ್ಜೆಯನ್ನೂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು, ರಂಜಕಗಳ ಪ್ರಮಾಣದಿಂದ ಸೇರ್ಪಡೆಗಳ ಸ್ವರೂಪವನ್ನೂ, ಕಬ್ಬಿಣ, ತಾಮ್ರ, ಅಲ್ಯುಮಿನಿಯಂಗಳಿಂದ ಸವೆತವನ್ನೂ ಅಂದಾಜಿಸುತ್ತಾರೆ. ಸೋಡಿಯಂ ಮತ್ತು ಪೊಟ್ಯಾಸಿಯಂ ಕಂಡರೆ ರೇಡಿಯೇಟರಿನ ಶೀತಕ ಸೋರುತ್ತಿರಬಹುದು, ಸಿಲಿಕಾನ್ ಹೆಚ್ಚಿದ್ದರೆ ಗಾಳಿಯ ಫಿಲ್ಟರಿನಿಂದ ದೂಳು ನುಸುಳುತ್ತಿರಬಹುದು. ಬಣ್ಣ ನೋಡಿ ತೀರ್ಮಾನಿಸುವುದಕ್ಕೆ ಅರ್ಥವಿಲ್ಲ. ಮಾರ್ಜಕ ಕೆಲಸ ಮಾಡುತ್ತಿರುವ ಎಣ್ಣೆ ಬೇಗನೆ ಕಪ್ಪಾಗುವುದು ಸಹಜ, ಡೀಸೆಲ್ ಎಂಜಿನ್ನಿನಲ್ಲಂತೂ ಒಂದೆರಡು ದಿನಗಳಲ್ಲಿಯೇ. ಒಂದು ಮಾದರಿಯ ಫಲಿತಾಂಶಕ್ಕಿಂತ ಅದೇ ಎಂಜಿನ್ನಿನ ಹಲವು ಮಾದರಿಗಳ ಏರಿಳಿತ ಹೆಚ್ಚು ನಂಬತಕ್ಕದ್ದು.

ಭಾರತದಲ್ಲಿ

ಭಾರತದ ಅಧಿಕೃತ ಸರ್ವೀಸ್ ಕೇಂದ್ರಗಳಲ್ಲಿಯೂ 210 ಲೀಟರ್ ಬ್ಯಾರಲ್‌ಗಳಿಂದ ಎಣ್ಣೆ ತುಂಬುವ ಪದ್ಧತಿ ವ್ಯಾಪಕವಾಗಿದೆ. ವಾಹನ ತಯಾರಕರು ಇಲ್ಲಿಯೂ ತೈಲ ಕಂಪನಿಗಳಿಂದ ಮಾಡಿಸಿದ ಎಣ್ಣೆಯನ್ನು ಜೆನ್ಯೂಯಿನ್ ಆಯಿಲ್ ಎಂಬ ಹೆಸರಿನಲ್ಲಿ ಒದಗಿಸುತ್ತಾರೆ. ಆರಂಭದ ಉಚಿತ ಸರ್ವೀಸ್‌ಗಳಲ್ಲಿ ಕೂಲಿಯಷ್ಟೇ ಉಚಿತ, ಎಣ್ಣೆಗೂ ಫಿಲ್ಟರಿಗೂ ಗ್ರಾಹಕನೇ ಹಣ ತೆರಬೇಕಾಗುತ್ತದೆ. ಎಂಜಿನ್ ಎಣ್ಣೆಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 13656 ಎಂಬ ಮಾನಕವಿದೆ. ಕೀಲೆಣ್ಣೆ ಮತ್ತು ಗ್ರೀಸ್‌ಗಳ ಸಂಸ್ಕರಣೆ, ಸರಬರಾಜು ಮತ್ತು ವಿತರಣೆಯನ್ನು ನಿಯಂತ್ರಿಸುವ ಕೇಂದ್ರ ಸರ್ಕಾರದ ಆದೇಶ 1987ರಿಂದ ಜಾರಿಯಲ್ಲಿದೆ.

ಏಪ್ರಿಲ್ 2020ರಿಂದ ಬಿಎಸ್-6 ನಿಯಮ ಬಂದ ಮೇಲೆ ಎಣ್ಣೆಯ ಆಯ್ಕೆ ಇಲ್ಲಿಯೂ ಸೂಕ್ಷ್ಮವಾಯಿತು. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಡೀಸೆಲ್ ಕಾರುಗಳಿಗೆ ಬೂದಿಯ ಅಂಶ ಕಡಿಮೆಯಿರುವ ಎಣ್ಣೆಯೇ ಬೇಕು. ಹಳೆಯ ಬಗೆಯ ಡೀಸೆಲ್ ಎಣ್ಣೆ ಸುರಿದರೆ ಸುಟ್ಟು ಹೋಗದ ಬೂದಿ ಆ ಫಿಲ್ಟರಿನಲ್ಲಿ ಶೇಖರವಾಗುತ್ತದೆ, ಅದನ್ನು ಬದಲಿಸುವ ಖರ್ಚು ಅನೇಕ ವರ್ಷಗಳ ಆಯಿಲ್ ಚೇಂಜ್‌ಗಳ ಖರ್ಚಿಗಿಂತ ಹೆಚ್ಚು. ಬೈಕುಗಳ ಮಾತು ಬೇರೆ. ಅವುಗಳಲ್ಲಿ ಕ್ಲಚ್ ಕೂಡ ಎಂಜಿನ್ ಎಣ್ಣೆಯಲ್ಲಿಯೇ ಮುಳುಗಿರುವುದರಿಂದ, ಘರ್ಷಣೆ ತಗ್ಗಿಸುವ ಸೇರ್ಪಡೆಗಳಿರುವ ಕಾರಿನ ಎಣ್ಣೆ ಹಾಕಿದರೆ ಕ್ಲಚ್ ಜಾರುತ್ತದೆ. ಜಪಾನಿನ ಜಾಸೊ ಎಂಎ ಮತ್ತು ಎಂಎ2 ಗುರುತುಗಳು ಇದಕ್ಕಾಗಿಯೇ ಇವೆ.

ಸಣ್ಣ ಗ್ಯಾರೇಜುಗಳಲ್ಲಿ ಭಯವಿರುವುದು ಬ್ಯಾರಲ್‌ಗಿಂತ ಹೆಚ್ಚಾಗಿ ನಕಲಿ ಡಬ್ಬಿಗಳದು. ಹೆಸರಾಂತ ಬ್ರ್ಯಾಂಡಿನ ಖಾಲಿ ಡಬ್ಬಿಗೆ ಶೋಧಿಸಿದ ಹಳೆಯ ಎಣ್ಣೆ ತುಂಬಿ ಮಾರುವುದನ್ನು ತಡೆಯಲು ಡಬ್ಬಿಗೆ ತೂತು ಹೊಡೆದು ಎಸೆಯುವ ರೂಢಿಯಿದೆ. ಹಳೆಯ ಎಣ್ಣೆಯನ್ನು ಕ್ರಮಬದ್ಧವಾಗಿ ಪುನಃ ಶುದ್ಧೀಕರಿಸಿ ಪಡೆದ ಮೂಲತೈಲವನ್ನು ಇಂಥ ಕಲಬೆರಕೆಯೊಂದಿಗೆ ಸೇರಿಸಬಾರದು. ನಿಗದಿತ ಪರೀಕ್ಷೆಗಳಲ್ಲಿ ತೇರ್ಗಡೆಯಾದರೆ ಅಂಥ ತೈಲದಿಂದ ಮಾಡಿದ ಎಣ್ಣೆಗೂ ಎಪಿಐ ಪರವಾನಗಿ ಸಿಗುತ್ತದೆ. ಸರ್ವೀಸ್ ಕೇಂದ್ರಗಳು ಬಸಿದ ಎಣ್ಣೆಯು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದವರಿಗೆ ಮಾತ್ರ ಕೊಡಬೇಕು. ಏಪ್ರಿಲ್ 1, 2024ರಿಂದ ಬಳಸಿದ ಎಣ್ಣೆಯ ಪುನರ್ಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೂ ಹೊರಿಸಲಾಗಿದೆ.